ಎಸ್‌ಎಸ್‌ಎಲ್‌ಸಿ ಶೇಕಡಾವಾರು ಇಳಿದರೆ ಮೇಷ್ಟ್ರಿಗೆ ನೋಟಿಸ್ ಯಾಕೆ?

ಗಣಿತ ಮೇಷ್ಟ್ರು: ಡಿಸೆಂಬರ್ ಒಳಗೆ ಪಾಠ ಮುಗಿಸಬೇಕು. ಜನವರಿಯಿಂದ ಬರೀ ಪಾಸಿಂಗ್ ಪ್ಯಾಕೇಜ್. ಥೇಲ್ಸ್ ಪ್ರಮೇಯ ಬಾಯಿಪಾಠ ಮಾಡು, ಗ್ರಾಫ್ ಎಳೆ, ಇಷ್ಟು ಅಂಕ ಗ್ಯಾರಂಟಿ. ಯಾಕೆ ಹಾಗೆ ಅಂತ ಮಗು ಕೇಳಿದರೆ ವಿವರಿಸಲು ಪುರುಸೊತ್ತಿಲ್ಲ. ನಿಧಾನ ಕಲಿಕೆಯ ಮಕ್ಕಳನ್ನು ನಮಗೆ 'ದತ್ತು' ಕೊಟ್ಟಿದ್ದಾರೆ, ಬೆಳಗ್ಗೆ ಐದಕ್ಕೆ ಫೋನ್ ಮಾಡಿ ಎಬ್ಬಿಸಬೇಕು. ಇಷ್ಟೆಲ್ಲ ಮಾಡಿಯೂ ಕಳೆದ ಸಲ ನಮ್ಮ ಶಾಲೆಯ ಫಲಿತಾಂಶ ಇಳಿಯಿತು. ಕಾರಣ ಕೇಳಿ ನೋಟಿಸ್ ಬಂತು. ಒಂದೇ ಪರೀಕ್ಷೆಯಲ್ಲಿ ಮಗು, ಮೇಷ್ಟ್ರು, ಜಿಲ್ಲೆ ಎಲ್ಲವನ್ನೂ ಅಳೆಯುವುದು ಯಾವ ನ್ಯಾಯ?

ತೆರಿಗೆ ಕಟ್ಟುವವ: 'ಇಳಿಯಿತು' ಅಂದಿರಲ್ಲ, ಯಾಕೆ ಇಳಿಯಿತು ಅಂತ ನಾನೇ ಹೇಳುತ್ತೇನೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು, ಶೇ 73.40ಕ್ಕೆ ಬಂತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! 2025ರಲ್ಲಿ ಆ ಕೃಪೆಯೂ ಇಲ್ಲ, ಶೇ 66.14. ಇಷ್ಟು ವರ್ಷ ಯಾರು ಬರೆಸುತ್ತಿದ್ದರು ಅಂತ ಬಿಡಿಸಿ ಹೇಳಬೇಕಾ?

ಗಣಿತ ಮೇಷ್ಟ್ರು: ಬಿಡಿಸಿಯೇ ಹೇಳಿ. ನಾನು ಇಷ್ಟು ವರ್ಷ ಮೇಲ್ವಿಚಾರಕನಾಗಿ ನಿಂತಿದ್ದೇನೆ, ಒಂದು ಚೀಟಿ ಬಿಟ್ಟಿಲ್ಲ. ಮೇಷ್ಟ್ರುಗಳೆಲ್ಲ ಕಳ್ಳರು ಅನ್ನುವುದಾದರೆ ನಿಮ್ಮ ಮಕ್ಕಳನ್ನು ನೀವೇ ಮನೆಯಲ್ಲಿ ಓದಿಸಿಕೊಳ್ಳಿ.

ತೆರಿಗೆ ಕಟ್ಟುವವ: 'ಕಳ್ಳರು' ಅಂದವರು ನೀವು, ನಾನಲ್ಲ.

ಇಬ್ಬರು ಮಕ್ಕಳ ತಾಯಿ: ನಿಮ್ಮಿಬ್ಬರ ನಡುವೆ ಮಕ್ಕಳು ಎಲ್ಲಿ ಹೋದರು? 2024ರಲ್ಲಿ ನನ್ನ ಮಗಳು ಐದನೇ ತರಗತಿ. ಐದು, ಎಂಟು, ಒಂಬತ್ತಕ್ಕೂ ಬೋರ್ಡ್ ಮಾದರಿ ಪರೀಕ್ಷೆ ಅಂದರು. ಮಾರ್ಚ್ 6ಕ್ಕೆ ಹೈಕೋರ್ಟ್ ಬೇಡ ಅಂತು, ಮಾರನೇ ದಿನ ವಿಭಾಗೀಯ ಪೀಠ ಆ ಆದೇಶಕ್ಕೇ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರುವಾಗಿ ಮಧ್ಯದಲ್ಲೇ ನಿಂತಿತು, 25ಕ್ಕೆ ಮತ್ತೆ ಶುರು. ಕೊನೆಗೆ ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಫಲಿತಾಂಶವನ್ನೇ ತಡೆಯಿತು. ಹತ್ತು ವರ್ಷದ ಮಗು ರಾತ್ರಿ ಎದ್ದು ಕೂತು ಅಳುತ್ತಿತ್ತು. ಇದರಿಂದ ಯಾರಿಗೆ ಏನು ಗೊತ್ತಾಯಿತು?

ಕಡಲ ತಡಿಯವ: ಕ್ಯಾಮೆರಾ ಬಂದಿದ್ದಕ್ಕೆ ಫಲಿತಾಂಶ ಇಳಿಯಿತು ಅನ್ನುವುದನ್ನು ಒಪ್ಪುವುದಿಲ್ಲ ಮಾರಾಯ್ರೆ. ಉಡುಪಿಯಲ್ಲೂ ಅದೇ ಕ್ಯಾಮೆರಾ ಇತ್ತು. 2024ರಲ್ಲಿ ಶೇ 94, ರಾಜ್ಯಕ್ಕೇ ಮೊದಲು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಶೇ 91.12. ಓದಿದವರು ಕ್ಯಾಮೆರಾಕ್ಕೆ ಯಾಕೆ ಹೆದರಬೇಕು?

ಬಿಸಿಲೂರ ಹುಡುಗ: ಅಂದ್ರ ನಮ್ಮ ಕಲಬುರಗಿ ಮಕ್ಕಳು ಓದೋದಿಲ್ಲ ಅಂತ ನಿಮ್ಮ ಮಾತು? ನೇರ ಹೇಳ್ರಿ.

ಕಡಲ ತಡಿಯವ: ನಾನು ಕಲಬುರಗಿ ಹೆಸರೇ ಎತ್ತಲಿಲ್ಲ. ಆದರೆ ನೀವೇ ಎತ್ತಿದಿರಿ, 2025ರಲ್ಲಿ ಶೇ 42.43, ಕೊನೆಯ ಸ್ಥಾನ. ಹಿಂದಿನ ವರ್ಷ ಯಾದಗಿರಿ ಕೊನೆ. ನಿಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 ಜೆ ಬಂದು ಹತ್ತು ವರ್ಷ ದಾಟಿತು. ಆ ದುಡ್ಡೆಲ್ಲ ಎಲ್ಲಿ ಹೋಯಿತು ಅಂತ ಕೇಳಬಾರದಾ?

ಬಿಸಿಲೂರ ಹುಡುಗ: ದುಡ್ಡು ಕೇಳೋದು ನಮ್ಮನ್ನಲ್ಲ, ವಿಧಾನಸೌಧಕ್ಕ ಹೋಗಿ ಕೇಳ್ರಿ. ನಾನು ಓದಿದ ಶಾಲೆಯಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಒಬ್ಬರೇ ಅತಿಥಿ ಶಿಕ್ಷಕರು. ಅವರೂ ಬರುತ್ತಿದ್ದದ್ದು ದಸರಾ ಹೊತ್ತಿಗೆ. ಅರ್ಧ ಕ್ಲಾಸು ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಪುಣೆ, ಬೆಂಗಳೂರಲ್ಲಿ ಇರುತ್ತಿತ್ತು. ನಿಮ್ಮ ಕಡೆ ಮೂರು ಕಿಲೋಮೀಟರಿಗೊಂದು ಖಾಸಗಿ ಶಾಲೆ. ಒಂದೇ ಪ್ರಶ್ನೆಪತ್ರಿಕೆ ಕೊಟ್ಟ ಮಾತ್ರಕ್ಕ ಇಬ್ಬರೂ ಒಂದೇ ಆದ್ವಿ?

ಕಡಲ ತಡಿಯವ: 'ಮೂರು ಕಿಲೋಮೀಟರಿಗೊಂದು' ಅಂತ ಅಳತೆ ಮಾಡಿದವರು ಯಾರು? ನಾನು ಓದಿದ್ದು ಸರ್ಕಾರಿ ಶಾಲೆ. ಮಳೆಗಾಲದಲ್ಲಿ ಸಂಕ (ಕಾಲುಸೇತುವೆ) ದಾಟಿ ಹೋಗುತ್ತಿದ್ದೆವು. ಸುಮ್ನೆ ಏನೇನೋ ಹೇಳಬೇಡಿ.

ಬಿಸಿಲೂರ ಹುಡುಗ: ಗುಳೆ ಬಗ್ಗೆ, ಅತಿಥಿ ಶಿಕ್ಷಕರ ಬಗ್ಗೆ ಒಂದು ಮಾತಿಲ್ಲ. ಕಿಲೋಮೀಟರ್ ಹಿಡ್ಕೊಂಡು ಕುಂತ್ರಿ. ಇನ್ನೊಂದು ಹೇಳಲಾ? ನಿಮ್ಮಲ್ಲಿ ಎಷ್ಟೋ ಶಾಲೆಗಳು ದಡ್ಡ ಅನ್ನಿಸಿದ ಹುಡುಗರಿಗೆ ಒಂಬತ್ತರಲ್ಲೇ ಟಿಸಿ ಕೊಟ್ಟು ಕಳಿಸ್ತಾವ. ಉಳಿದವರನ್ನು ಕೂಡ್ರಿಸಿ 'ನೂರಕ್ಕೆ ನೂರು' ಅಂತ ಬ್ಯಾನರ್ ಕಟ್ಟೋದು.

ಕಡಲ ತಡಿಯವ: ದಾಖಲೆ ಕೊಡಿ. ಇಲ್ಲದಿದ್ದರೆ ಮಾತು ವಾಪಸ್ ತೆಗೆದುಕೊಳ್ಳಿ. ಟಿಸಿ ಕೊಡುವ ಶಾಲೆ ಬೆಂಗಳೂರಲ್ಲಿಲ್ವಾ? ಕಲಬುರಗಿಯಲ್ಲಿಲ್ವಾ?

ಬಿಸಿಲೂರ ಹುಡುಗ: ಅಂದ್ರ ಕೊಡ್ತಾರ ಅಂತ ಒಪ್ಪಿದ್ರಿ. ಮುಗೀತು.

ಕಡಲ ತಡಿಯವ: ಏನು ಒಪ್ಪಿದೆ? ಓದಲು ಬರುತ್ತದಾ ನಿಮಗೆ?

ಬಿಸಿಲೂರ ಹುಡುಗ: ಶೇ 42ರ ಜಿಲ್ಲೆಯವ ಅಲ್ರಿ, ನಮಗೆಲ್ಲಿ ಓದು ಬರಬೇಕು.

ನಿವೃತ್ತ ಹೆಡ್ ಮಾಸ್ಟರ್: ಇಬ್ಬರೂ ಸ್ವಲ್ಪ ಸಮಾಧಾನ. ಜಿಲ್ಲಾವಾರು ಪಟ್ಟಿ ಇರುವುದೇ ಹೀಗೆ ಜಗಳ ಹಚ್ಚಲು. ನಮ್ಮ ಕಾಲದಲ್ಲಿ ಪಟ್ಟಿ ಇರಲಿಲ್ಲ, ಪರೀಕ್ಷೆ ಇತ್ತು. ಫೇಲಾದವನು ಮುಂದಿನ ವರ್ಷ ಕೂತು ಪಾಸಾಗುತ್ತಿದ್ದ. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಪಾಸಿಗೆ 625ಕ್ಕೆ 206 ಸಾಕು. ಆ 625ರಲ್ಲಿ 125 ಆಂತರಿಕ ಅಂಕ, ಕೊಡುವವರು ಶಾಲೆಯವರೇ. ಇನ್ನೂ ಒತ್ತಡ ಅಂದರೆ ಏನು ಹೇಳಲಿ?

ಇಬ್ಬರು ಮಕ್ಕಳ ತಾಯಿ: ಸರ್, 206 ಒಂದೇ ಸಾಲದು, ಪ್ರತಿ ವಿಷಯದಲ್ಲೂ ಶೇ 30 ಬೇಕು. ಅರ್ಧ ಹೇಳಿ ಬಿಡಬೇಡಿ. ಮತ್ತೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದೇ ಒಳ್ಳೆಯದು. ಒಂದು ವಿಷಯಕ್ಕೆ ವರ್ಷವಿಡೀ ಮನೆಯಲ್ಲಿ ಕೂತ ಹುಡುಗಿಯರಿಗೆ ಮದುವೆ ಮಾಡಿ ಕಳಿಸಿದ್ದು ನಿಮ್ಮ ಕಾಲದಲ್ಲೇ ಅಲ್ವಾ?

ನಿವೃತ್ತ ಹೆಡ್ ಮಾಸ್ಟರ್: ಮದುವೆ ವಿಷಯ ಇಲ್ಲಿ ಎಲ್ಲಿಂದ ಬಂತಮ್ಮ?

ತೆರಿಗೆ ಕಟ್ಟುವವ: ಹೆಡ್ ಮಾಸ್ಟರೇ ಹೇಳಿದರು ನೋಡಿ, 125 ಅಂಕ ಶಾಲೆಯವರ ಕೈಯಲ್ಲಿ! ಅಲ್ಲಿಗೂ ಕ್ಯಾಮೆರಾ ಬೇಕು.

ಗಣಿತ ಮೇಷ್ಟ್ರು: ಹಾಕಿಸಿ. ಜೊತೆಗೆ ಒಂದು ಕ್ಯಾಮೆರಾ ಜೂನ್ ತಿಂಗಳಲ್ಲೂ ಹಾಕಿಸಿ. ಗಣತಿ, ಮತಪಟ್ಟಿ, ಆ ತರಬೇತಿ, ಈ ಆನ್‌ಲೈನ್ ಎಂಟ್ರಿ ಅಂತ ನಾವು ಎಷ್ಟು ದಿನ ಕ್ಲಾಸಿನಿಂದ ಹೊರಗಿರುತ್ತೇವೆ ಅಂತ ಅದೂ ರೆಕಾರ್ಡ್ ಆಗಲಿ. ಆಮೇಲೆ ನೋಟಿಸ್ ಕಳಿಸಿ.

ತೆರಿಗೆ ಕಟ್ಟುವವ: ಜೂನ್‌ನಲ್ಲಿ ಮತಪಟ್ಟಿ ಕೆಲಸ ಎಲ್ಲಿರುತ್ತದೆ ಸ್ವಾಮಿ?

ಕಡಲ ತಡಿಯವ: ಟಿಸಿ ದಾಖಲೆ ಇನ್ನೂ ಬಂದಿಲ್ಲ. ಕಾಯುತ್ತಿದ್ದೇನೆ.

ಬಿಸಿಲೂರ ಹುಡುಗ: ನಿಮ್ಮ ಮೂರು ಕಿಲೋಮೀಟರ್ ಅಳತೆ ಮುಗಿಸಿ ಬರ್ರಿ, ಕೊಡ್ತೀನಿ.