ಅಪ್‌ಡೇಟ್: ಎದೆಹಾಲು ಸಾಲುತ್ತಿಲ್ಲ ಎಂದು ಕೇಳಿದ್ದೆ
ಹಾಲು ಸಾಲದೆ ಮಗು ಅಳುತ್ತಿದೆ, ಡಬ್ಬಿ ಹಾಲು ಶುರು ಮಾಡಲೇ ಎಂದು ಕೇಳಿದ್ದೆ. ಉತ್ತರಿಸಿದ ಅಕ್ಕಂದಿರಿಗೆ ಧನ್ಯವಾದ. ಸದ್ಯ ಡಬ್ಬಿಯ ಅಗತ್ಯ ಬಿದ್ದಿಲ್ಲ.

ಸಿಂಧನೂರಿನ ತವರುಮನೆಗೆ ಆಶಾ ಕಾರ್ಯಕರ್ತೆ ಬಂದು ಪಕ್ಕದಲ್ಲೇ ಕುಳಿತು ನೋಡಿದರು. ಮಗು ತೊಟ್ಟಿನ ತುದಿಯನ್ನಷ್ಟೇ ಚೀಪುತ್ತಿತ್ತು. ಅದು ಬಾಯಿ ಅಗಲಿಸುವವರೆಗೆ ಕಾದು, ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗುವಂತೆ ಹಿಡಿಸಿದರು. ಕೆಳತುಟಿ ಹೊರಕ್ಕೆ ಮಡಚಿಕೊಂಡಿತು, ಗುಟುಕರಿಸುವ ಸದ್ದು ಕೇಳಿಸಿತು. ನೋವೂ ಇಳಿಯಿತು! ದಿನಕ್ಕೆ 8ರಿಂದ 12 ಸಲ, ರಾತ್ರಿಯೂ ಕುಡಿಸಬೇಕಂತೆ. ಮಗು ಕುಡಿದಷ್ಟೂ ಹಾಲು ಹೆಚ್ಚುತ್ತದೆ.

ಈಗ ದಿನಕ್ಕೆ 6ಕ್ಕಿಂತ ಹೆಚ್ಚು ಬಟ್ಟೆ ಒದ್ದೆಯಾಗುತ್ತಿವೆ, ತೂಕವೂ ಏರಿದೆ. ಅವ್ವ ಮಾಡುವ ಸಬ್ಬಸಿಗೆ ಪಲ್ಯವನ್ನು ಖುಷಿಯಿಂದ ಉಣ್ಣುತ್ತೇನೆ. ಆದರೆ ಈ ಬಿಸಿಲಿಗೆ ಮಗುವಿಗೆ ನೀರು ಕುಡಿಸು ಎನ್ನುವವರ ಮಾತನ್ನು ಮಾತ್ರ ಕೇಳುವುದಿಲ್ಲ. 6 ತಿಂಗಳು ತುಂಬುವವರೆಗೆ ಬೇಕಾದ ನೀರೆಲ್ಲ ಎದೆಹಾಲಿನಲ್ಲೇ ಇದೆ.