ಮುಜದ್ದರ: ‘ಸಿಡುಬುಕಲೆ ಅನ್ನ’ ಅಂದರೆ ಯಾರಾದರೂ ಉಣ್ಣುತ್ತಾರಾ?

ಗೆಳೆಯರೇ,

ಶಾರ್ಜಾದಲ್ಲಿ ನಮ್ಮ ಪಕ್ಕದ ಮನೆಯವರು ಪ್ಯಾಲೆಸ್ತೀನಿನ ನಾಬ್ಲಸ್ ಕಡೆಯವರು. ಅವರು ಮುಜದ್ದರ ಮಾಡಿದ ದಿನ ನಮಗೂ ಒಂದು ಬಟ್ಟಲು ಬರುತ್ತದೆ. ಅಕ್ಕಿ, ಇಡೀ ಮಸೂರು, ಜೀರಿಗೆ, ಮೇಲೆ ಆಲಿವ್ ಎಣ್ಣೆಯಲ್ಲಿ ಕರಿದ ರಾಶಿ ಈರುಳ್ಳಿ. ನೆಂಚಿಕೊಳ್ಳಲು ಮೊಸರು. ಇದನ್ನು ಕನ್ನಡದಲ್ಲಿ ಬರೆದಿಡಲು ಹೊರಟು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲು ಹೆಸರು. ಅರಬ್ಬಿಯಲ್ಲಿ ‘ಜುದರಿ’ ಅಂದರೆ ಸಿಡುಬು. ‘ಮುಜದ್ದರ’ ಅಂದರೆ ಸಿಡುಬಿನ ಕಲೆ ಬಿದ್ದದ್ದು. ಬಿಳಿ ಅನ್ನದ ನಡುವೆ ಕಂದು ಕಾಳು ಕಂಡು ಇಟ್ಟ ಹೆಸರು. 1226ರಲ್ಲಿ ಅಲ್-ಬಾಗ್ದಾದಿ ಬರೆದ ಅಡುಗೆ ಪುಸ್ತಕದಲ್ಲೇ ಈ ಹೆಸರಿದೆ. ಸಿಡುಬು ಕಣ್ಣೆದುರೇ ಜನರನ್ನು ಕೊಲ್ಲುತ್ತಿದ್ದ ಕಾಲ ಅದು. ಆದರೂ ಊಟಕ್ಕೆ ಅದೇ ಹೆಸರು! ನಮ್ಮಜ್ಜಿ ಆ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುತ್ತಲೇ ಇರಲಿಲ್ಲ. ‘ಅಮ್ಮ’ ಅನ್ನುತ್ತಿದ್ದರು, ಅದೂ ದನಿ ತಗ್ಗಿಸಿ. ಅಂಥ ಮನೆಯಲ್ಲಿ ‘ಸಿಡುಬುಕಲೆ ಅನ್ನ’ ಬಡಿಸಲು ಆಗುತ್ತದಾ? ‘ಚುಕ್ಕಿ ಅನ್ನ’ ಅಂದರೆ ಕೇಳಲು ಚೆಂದ, ಆದರೆ ಅರ್ಥ ತೆಳುವಾಗುತ್ತದೆ. ಹಾಗಾಗಿ ಮೂಲದ ಹೆಸರನ್ನೇ ಇಟ್ಟುಕೊಂಡಿದ್ದೇನೆ.

ಅಂದ ಹಾಗೆ ಕೆಲವರು ಇಂಗ್ಲಿಷ್ ಅಕ್ಷರ ನೋಡಿ ‘ಮುಜಡ್ಡರ’ ಅಂತ ಬರೆಯುತ್ತಾರೆ. ಅರಬ್ಬಿಯಲ್ಲಿ ಅಲ್ಲಿರುವುದು ‘ದಾಲ್’ ಅಕ್ಷರ. ನಮ್ಮಲ್ಲಿ ‘ದ’ ಇರುವಾಗ ‘ಡ’ ಯಾಕೆ?

ಎರಡನೆಯದು ಕಾಳು. ಮಸೂರಿಗೆ ಕನ್ನಡದಲ್ಲಿ ಚನ್ನಂಗಿ ಅಂತಲೂ ಅನ್ನುತ್ತಾರೆ. ಶಿವಮೊಗ್ಗದ ನನ್ನ ಅತ್ತಿಗೆಗೆ ಫೋನಿನಲ್ಲಿ ‘ಒಂದು ಲೋಟ ಅಕ್ಕಿ, ಒಂದು ಲೋಟ ಚನ್ನಂಗಿ ಬೇಳೆ’ ಅಂದೆ. ತಪ್ಪು ನನ್ನದೇ. ಅವರು ಬೇಳೆಯನ್ನೇ ಹಾಕಿದರು, ಸಿಪ್ಪೆ ತೆಗೆದು ಒಡೆದ ಕೆಂಪು ಬೇಳೆ. ಅದು ಕರಗಿ ಎಲ್ಲ ಸೇರಿ ಹುಗ್ಗಿಯಾಯಿತು. ಕಲೆಯೂ ಇಲ್ಲ, ಮುಜದ್ದರವೂ ಇಲ್ಲ! ಮಜಾ ಅಂದರೆ, ಅಕ್ಕಿಗೆ ಕೆಂಪು ಬೇಳೆ ಹಾಕಿ ಮಾಡುವ ಅಡುಗೆ ಇರಾಕಿನಲ್ಲಿದೆ. ಅದಕ್ಕೆ ಅವರು ‘ಕಿಚ್ರಿ’ ಅನ್ನುತ್ತಾರೆ. ನಮ್ಮ ಖಿಚಡಿಯ ಹೆಸರೇ ಅಲ್ವಾ? ಅತ್ತಿಗೆ ಗೊತ್ತಿಲ್ಲದೇ ಬಾಗ್ದಾದಿನ ಅಡುಗೆ ಮಾಡಿದ್ದರು ಅಂತ ಸಮಾಧಾನ ಹೇಳಿದೆ. ಈಗ ‘ಇಡೀ ಮಸೂರು ಕಾಳು’ ಅಂತ ಬರೆಯುತ್ತಿದ್ದೇನೆ. ‘ಚನ್ನಂಗಿ ಕಾಳು’ ಅಂದರೆ ನಿಮ್ಮೂರಿನ ಅಂಗಡಿಯಲ್ಲಿ ಸಿಪ್ಪೆ ಇರುವ ಇಡೀ ಕಾಳೇ ಕೊಡುತ್ತಾರಾ?

ನಿಜವಾಗಿ ಕಾಡುತ್ತಿರುವುದು ಈರುಳ್ಳಿ. ಕಾಳನ್ನು ಮುಕ್ಕಾಲು ಬೇಯಿಸಿ, ಅದಕ್ಕೇ ಅಕ್ಕಿ ಹಾಕಿ ಮುಚ್ಚಿಟ್ಟರೆ ಅರ್ಧ ಕೆಲಸ ಮುಗಿಯಿತು. ರುಚಿಯೆಲ್ಲ ಈರುಳ್ಳಿಯಲ್ಲಿದೆ. ಮೂರು ದೊಡ್ಡ ಈರುಳ್ಳಿ ಉದ್ದಕ್ಕೆ ಹೆಚ್ಚಿ, ಎಣ್ಣೆಯಲ್ಲಿ ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಬಾಡಿಸಬೇಕು. ಆ ಎಣ್ಣೆಯನ್ನೂ ಅನ್ನಕ್ಕೇ ಸುರಿಯುತ್ತಾರೆ. ನಮ್ಮ ಅಡುಗೆ ಪುಸ್ತಕಗಳು ‘ಹೊಂಬಣ್ಣ ಬರುವವರೆಗೆ’ ಅಂದು ನಿಲ್ಲಿಸಿಬಿಡುತ್ತವೆ. ಇಲ್ಲಿ ಅದು ಸಾಲದು. ‘ಕೆಂಪಗೆ’ ಅಂದರೂ ಸಾಲದು. ‘ಕರಕಲು’ ಅಂದರೆ ಕೆಟ್ಟಿತು ಅಂತ ಅರ್ಥ. ‘ಸೀದಿದೆ’ ಅಂದರೆ ಪಾತ್ರೆ ಉಜ್ಜಲು ಹೊರಡಬೇಕು. ಪಕ್ಕದ ಮನೆಯಾಕೆ ಬಾಣಲೆ ತೋರಿಸಿದಾಗ ನನಗೆ ನೆನಪಾದದ್ದು ಜೋನಿಬೆಲ್ಲದ, ಅಂದರೆ ಗಟ್ಟಿಯಾಗದ ನೀರುಬೆಲ್ಲದ, ಬಣ್ಣ. ಕಪ್ಪಿಗೆ ಇನ್ನೊಂದೇ ಹೆಜ್ಜೆ, ಅಂಚು ಗರಿಗರಿ, ಸ್ವಲ್ಪ ಕಹಿ, ಜಾಸ್ತಿ ಸಿಹಿ.

‘ಜೋನಿಬೆಲ್ಲದ ಬಣ್ಣ ಬರುವವರೆಗೆ’ ಅಂತ ಬರೆದರೆ ಮಲೆನಾಡಿನವರಿಗೆ, ಉತ್ತರ ಕನ್ನಡದವರಿಗೆ ತಿಳಿಯುತ್ತದೆ. ಮಂಡ್ಯದವರಿಗೆ, ಕಲಬುರಗಿಯವರಿಗೆ? ಹೊಂಬಣ್ಣಕ್ಕೂ ಕರಕಲಿಗೂ ನಡುವಿನ ಈ ಹದಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಒಂದೇ ಪದವಾಗಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಹೋಲಿಕೆಯೂ ನಡೆದೀತು.