ತಂಗಿಗೆ ಸಾಕ್ಷಿ ಹೇಳಲು ಸಮನ್ಸ್ ಬಂದಿದೆ, ಕೋರ್ಟಿನಲ್ಲಿ ಏನೇನು ನಡೆಯುತ್ತದೆ?

ದಾವಣಗೆರೆ ಅಕ್ಕ:
ತಂಗಿಗೆ 23 ವರ್ಷ. ಹೋದ ವರ್ಷ ಅವಳ ಮೇಲೆ ಅತ್ಯಾಚಾರ ಆಯಿತು. ದೂರು, ಆಸ್ಪತ್ರೆ ತಪಾಸಣೆ, ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ ಎಲ್ಲ ಮುಗಿದು ಚಾರ್ಜ್‌ಶೀಟ್ ಆಗಿದೆ. ಈಗ ಸೆಷನ್ಸ್ ಕೋರ್ಟಿನಿಂದ ಸಮನ್ಸ್. ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಅವಳು. ಎಲ್ಲರ ಮುಂದೆ ಹೇಳಬೇಕಾ? ಅವನು ಎದುರಿಗೇ ಇರುತ್ತಾನಾ? ನಾವೇ ವಕೀಲರನ್ನು ಇಡಬೇಕಾ? ಆ ಕಡೆಯವರು ನಮ್ಮ ದೊಡ್ಡಪ್ಪನ ಕೈಲಿ ರಾಜಿ ಮಾತು ಬೇರೆ ಕಳಿಸುತ್ತಿದ್ದಾರೆ.

ವಕೀಲೆ, ಧಾರವಾಡ:
ಮೊದಲು ರಾಜಿ ವಿಷಯ. ಇದು ರಾಜಿಯಾಗುವಂಥ ಕೇಸೇ ಅಲ್ಲ. ರಾಜಿಯಾಗಿದೆ ಅಂತ ಶಿಕ್ಷೆ ಕಡಿಮೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಒತ್ತಡ ಹಾಕಿದರೆ ಪೊಲೀಸರಿಗೂ ಪಿಪಿಗೂ (ಸರ್ಕಾರಿ ವಕೀಲರಿಗೂ) ಬರೆದುಕೊಡಿ, ಬಾಯಿಮಾತು ಬೇಡ.

ಕೇಸು ನಡೆಸುವುದು ಸರ್ಕಾರ, ಅಂದರೆ ಪಿಪಿ. ನಿಮ್ಮ ತಂಗಿ ಸಾಕ್ಷಿ. ಆದರೂ ಪಿಪಿಗೆ ನೆರವಾಗಲು ಸ್ವಂತ ವಕೀಲರನ್ನು ಇಡಬಹುದು, ಅದಕ್ಕೆ ಕೋರ್ಟಿನ ಅನುಮತಿ ಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, 15100ಕ್ಕೆ ಫೋನ್ ಮಾಡಿ. ಪರಿಹಾರದ ಅರ್ಜಿಯೂ ಅಲ್ಲೇ, ತೀರ್ಪು ಬರುವವರೆಗೆ ಕಾಯಬೇಕಾಗಿಲ್ಲ.

ವಿಚಾರಣೆ ಮುಚ್ಚಿದ ಕೋಣೆಯಲ್ಲಿ, ಹೊರಗಿನವರು ಇರುವುದಿಲ್ಲ. ಆರೋಪಿ ಮತ್ತು ಅವನ ವಕೀಲರು ಇರುತ್ತಾರೆ, ಆದರೆ ಅವನ ಮುಖ ಕಾಣದಂತೆ ಪರದೆ ಹಾಕಿಸಿ ಎಂದು ಕೇಳಬಹುದು. ಈಗಲೇ ಅರ್ಜಿ ಕೊಡಿ, ಆ ದಿನ ಬೆಳಗ್ಗೆ ಕೇಳಿದರೆ ಒದ್ದಾಡಬೇಕಾಗುತ್ತದೆ. ನೀವು ಒಳಗೆ ಕೂರಲೂ ನ್ಯಾಯಾಧೀಶರ ಅನುಮತಿ ಬೇಕು. ನಿಮ್ಮ ಹೆಸರು ಸಾಕ್ಷಿ ಪಟ್ಟಿಯಲ್ಲಿದ್ದರೆ ಬಿಡುವುದು ಕಷ್ಟ, ಬೇರೆ ಯಾರಾದರೂ ಹೋಗಲಿ.

ಮಲೆನಾಡಿನವಳು:
ಅಕ್ಕ, ನಾನೂ ಆ ಕಟಕಟೆಯಲ್ಲಿ ನಿಂತವಳು. ಪಾಟಿ ಸವಾಲಿನ ಬಗ್ಗೆ ಅವಳಿಗೆ ಮೊದಲೇ ಹೇಳಿಡಿ, ಯಾಕಂದರೆ ನನಗೆ ಯಾರೂ ಹೇಳಿರಲಿಲ್ಲ. ಎದುರು ವಕೀಲರು "ನೀವು ಸುಳ್ಳು ಹೇಳುತ್ತಿದ್ದೀರಿ", "ಹಣಕ್ಕಾಗಿ ದೂರು ಕೊಟ್ಟಿದ್ದೀರಿ" ಅಂತ ಒಂದರ ಮೇಲೊಂದು ಹೇಳುತ್ತಾ ಹೋದರು, ನಾನು ಕೋರ್ಟೇ ನನ್ನನ್ನು ನಂಬುತ್ತಿಲ್ಲ ಅಂದುಕೊಂಡು ಅತ್ತುಬಿಟ್ಟೆ. ಅದು ಆ ವಕೀಲರ ವಾದ ಅಷ್ಟೇ. "ಸರಿಯಲ್ಲ" ಅಂದರೆ ಸಾಕು, ಹಾಗೇ ಬರೆದುಕೊಳ್ಳುತ್ತಾರೆ. ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನಲಿ, ಊಹಿಸಿ ಹೇಳುವುದು ಬೇಡ. ನೀರು ಬೇಕು, ಸ್ವಲ್ಪ ಕೂರಬೇಕು ಅಂತ ನ್ಯಾಯಾಧೀಶರನ್ನೇ ಕೇಳಬಹುದು. ಹಿಂದೆ ಯಾರ ಜೊತೆ ಸಂಬಂಧ ಇತ್ತು ಅಂತ ಕೇಳುವ ಹಾಗಿಲ್ಲ, ಕೇಳಿದರೆ ಪಿಪಿ ಆಕ್ಷೇಪಿಸಬೇಕು. ಕೊನೆಗೆ ಬರೆದದ್ದನ್ನು ಓದಿಸಿಕೊಳ್ಳದೆ ಸಹಿ ಹಾಕಬೇಡಿ. ನನ್ನದರಲ್ಲಿ ತಾರೀಕೇ ತಪ್ಪಾಗಿತ್ತು, ಅಲ್ಲೇ ತಿದ್ದಿಸಿದೆ.

ಮತ್ತೆ, ಒಂದೇ ದಿನಕ್ಕೆ ಮುಗಿಯುತ್ತದೆ ಅಂದುಕೊಳ್ಳಬೇಡಿ. ಚಾರ್ಜ್‌ಶೀಟ್ ಆದ 2 ತಿಂಗಳಲ್ಲಿ ವಿಚಾರಣೆ ಮುಗಿಯಬೇಕು ಅಂತ ಕಾನೂನೇನೋ ಇದೆ. ನನ್ನದಕ್ಕೆ 3 ವರ್ಷ ಹಿಡಿಯಿತು. ಎರಡು ಸಲ ಸುಮ್ನೆ ಕೂರಿಸಿ, ಸಂಜೆ ಮುಂದಿನ ತಾರೀಕು ಕೊಟ್ಟು ಕಳಿಸಿದರು. ಊಟದ ಡಬ್ಬಿ ತಗೊಂಡು ಹೋಗಿ.

ದಾವಣಗೆರೆ ಅಕ್ಕ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪಟ್ಟಿಯಲ್ಲಿ ನನ್ನ ಹೆಸರು ಇದೆ, ಹಾಗಾಗಿ ಅವಳ ಗೆಳತಿಯನ್ನು ಕೇಳಿದೆ, ಬರುತ್ತಾಳಂತೆ. ಪರದೆಯ ಅರ್ಜಿಗೆ ನಾಳೆಯೇ ಪಿಪಿ ಹತ್ತಿರ ಹೋಗುತ್ತೇವೆ. "ಸರಿಯಲ್ಲ ಅಂದರೆ ಸಾಕಾ ಅಕ್ಕ?" ಅಂತ ತಂಗಿ ಎರಡು ಸಲ ಕೇಳಿದಳು. ರಾತ್ರಿ ಸ್ವಲ್ಪ ಅನ್ನ ತಿಂದಳು.